ಹಲ್ಲುನೋವಿನ ಬೆಂಚು

“ಆ ದಿಮ್ಮಿ ಇನ್ನೂ ನಿಮ್ಮನೆ ಅಂಗಳದಲ್ಲೇ ಬಿದ್ದಿದೆ ತಾನೆ? ಹೋಗು, ಅದರ ತೂತಿಗೆ ಕಾಲು ತೂರಿಸ್ಕೊಂಡು ಕೂತ್ಕೊ. ನಿಮ್ಮ ವಂಶದ ಕೈಗೆ ಸುತ್ತಿಗೆ ಕೊಟ್ಟಿದ್ದು ನಂದೇ ತಪ್ಪು” ಎಂದ ಕುಲುಮೆಯ ಯಜಮಾನ, ಊರಿಗೆಲ್ಲ ದೊಡ್ಡಪ್ಪನಾದ ರೆಸೊ, ಎಲ್ಲರೆದುರಿಗೆ. ಎಲ್ಲರೂ ಅಂದರೆ ಉಳಿದ ಮೂವರು ಸುತ್ತಿಗೆಯವರು, ತಿದಿ ಒತ್ತುವವನು, ಮತ್ತೆ ಆ ಗಿರಾಕಿ. ತನ್ನೂರಿನ ವಾದ್ಯಮೇಳಕ್ಕೆ ದೊಡ್ಡ ಜಾಗಟೆ ಬೇಕೆಂದು ಹೇಳಿಹೋಗಿದ್ದವನು, ಅದು ಹುಟ್ಟುವುದನ್ನು ಕಣ್ಣಾರೆ ನೋಡಬೇಕೆಂದು ಅವತ್ತು ಶನಿವಾರ ಬಂದು ಕುಲುಮೆಯ ಬಾಗಿಲಲ್ಲಿ ಸಿಹಿ ಚಹಾದ ಗ್ಲಾಸು ಹಿಡಿದು ಕೂತಿದ್ದ. ಹುಟ್ಟಬೇಕಾಗಿದ್ದ ಜಾಗಟೆ ಅಂಚಿನಿಂದ ನಡುವಿನ ಹೊಕ್ಕುಳವರೆಗೆ ಬಿರಿದು ಬೂದಿಯ ಮೇಲೆ ಬಿದ್ದಿತ್ತು. ಕೊನೆಯ ಪೆಟ್ಟು ಹಾಕಿದ್ದವನು ಪನುತ್. ಸುತ್ತಿಗೆ ಇನ್ನೂ ಅವನ ಕೈಯಲ್ಲೇ ಇತ್ತು, ಅದನ್ನು ಎಲ್ಲಿಡಬೇಕೆಂದು ಅವನಿಗೆ ತೋಚುತ್ತಿರಲಿಲ್ಲ.

“ನೀವು ಕೂಗಿದ್ರಿ, ದೊಡ್ಡಪ್ಪ” ಎಂದ.

“ನಾನು ಕೂಗಿದ್ನಾ? ಕೇಳು ಇವರನ್ನ. ಏನ್ರೋ, ಕೂಗಿದ್ನಾ ನಾನು?” ಸಿಟ್ಟು ಬಂದರೆ ದೊಡ್ಡಪ್ಪನ ಕಟ್ಟಿಸಿದ ಹಲ್ಲುಗಳು, ಮೇಲಿನ ಸಾಲು ಕೆಳಗಿನ ಸಾಲು ಎರಡೂ, ಟಕಟಕ ಬಡಿದುಕೊಳ್ಳುತ್ತವೆ. ಸುತ್ತಿಗೆಯವರು ತಮ್ಮ ಸುತ್ತಿಗೆಗಳ ಬೂದಿ ಒರೆಸತೊಡಗಿದರು. “ತಲೆ ಖಾಲಿ ಬಿಟ್ಕೊಂಡು ಬರ್ತೀಯ. ಖಾಲಿ ಮನೆ ಕಂಡ್ರೆ ಯಾವ್ದಾದ್ರೂ ಬಂದು ಸೇರ್ಕೊಳತ್ತೆ ಕಣೋ. ಅದು ಒಳಗಿಂದ ಕೂಗ್ತು, ನೀನು ಹೊಡ್ದೆ. ನಿನ್ನ ಚಿಕ್ಕಪ್ಪನೂ ಹಿಂಗೇ ಶುರು ಮಾಡಿದ್ದು.” ಗಿರಾಕಿ ಮರ್ಯಾದೆಗೆಂಬಂತೆ ಸಣ್ಣಗೆ ನಕ್ಕ. ಆಮೇಲೆ ನಗಬಾರದಾಗಿತ್ತೆಂದು ತೋರಿ ಗ್ಲಾಸಿನೊಳಗೆ ನೋಡತೊಡಗಿದ.

ಕುಲುಮೆಗೆ ಕಿಟಕಿಯಿಲ್ಲ. ಬೆಳಕು ಬಂದರೆ ಕಂಚಿನ ಬಣ್ಣ ತಿಳಿಯುವುದಿಲ್ಲವೆಂದು ಬೇಕೆಂದೇ ಕತ್ತಲೆ ಮಾಡಿಟ್ಟಿದ್ದಾರೆ, ಅಪ್ಪ ಅಜ್ಜಂದಿರ ಕಾಲದಿಂದ. ಕೆಂಪಗಿರುವಷ್ಟು ಹೊತ್ತು ಕಂಚು ನಾದಿದ ಹಿಟ್ಟಿನ ಹಾಗೆ, ಹೇಳಿದ್ದನ್ನು ಕೇಳುತ್ತದೆ. ಕೆಂಪು ಇಳಿದ ಮೇಲೆ ಒಂದೇ ಒಂದು ಪೆಟ್ಟು ಬಿದ್ದರೂ ಗಾಜು. ಇಕ್ಕಳ ಹಿಡಿದು ಕಂಚಿನ ತಟ್ಟೆ ತಿರುಗಿಸುವ ಯಜಮಾನನೇ ಬಣ್ಣ ನೋಡಬೇಕು, ಅವನೇ ‘ಹೇ’ ಎಂದು ಕೂಗಬೇಕು. ಒಂದು ಕೂಗಿಗೆ ಒಂದು ಸುತ್ತಿಗೆ, ಸರದಿಯ ಪ್ರಕಾರ. ಸುತ್ತಿಗೆಯವನು ಬಣ್ಣ ನೋಡುವಂತಿಲ್ಲ. ನೋಡಿದರೆ ಯೋಚನೆ ಬರುತ್ತದೆ, ಯೋಚನೆ ಬಂದರೆ ಕೈ ಅರೆಗಳಿಗೆ ತಡೆಯುತ್ತದೆ, ಅಷ್ಟರಲ್ಲಿ ಮುಂದಿನವನ ಸುತ್ತಿಗೆ ಇವನ ಮೇಲೆ ಬೀಳುತ್ತದೆ. ಶಾಲೆ ಬಿಟ್ಟು ಇಲ್ಲಿಗೆ ಬಂದ ಪನುತನಿಗೆ ಕಲಿಸಿದ ಮೊದಲನೆಯ ಪಾಠ ಅದು: ಕಣ್ಣು ದೊಡ್ಡಪ್ಪನದು, ಕೈ ನಿನ್ನದು. ಆ ಪಾಠವನ್ನು ಅವನು ಎಷ್ಟು ಚೆನ್ನಾಗಿ ಕಲಿತಿದ್ದನೆಂದರೆ ಈಗ ಮಳೆಗಾಲದಿಂದೀಚೆಗೆ ನಿದ್ದೆ ಹತ್ತಿರ ಸುಳಿಯದ ಹಾಸಿಗೆಯಲ್ಲಿ, ಬಚ್ಚಲಲ್ಲಿ, ಅನ್ನದ ತಟ್ಟೆಯ ಮುಂದೆ, ಎಲ್ಲೆಂದರಲ್ಲಿ ಆ ‘ಹೇ’ ಕೇಳಿಸುತ್ತಿತ್ತು. ಕೇಳಿಸಿದ ಕೂಡಲೇ ಭುಜ ತಾನಾಗಿ ಎಗರುತ್ತಿತ್ತು. ಹೊಡೆಯಲು ಎದುರಿಗೆ ಏನೂ ಇರುತ್ತಿರಲಿಲ್ಲ. ಹಾಗಿರುವಾಗ ಶನಿವಾರದ ಆ ಕೂಗು ದೊಡ್ಡಪ್ಪನ ಬಾಯಿಂದ ಬಂದಿದ್ದೇ ಎಂದು ಖುರಾನಿನ ಮೇಲೆ ಕೈಯಿಟ್ಟು ಹೇಳಬಲ್ಲೆ ಅನ್ನಿಸುತ್ತಿತ್ತು. ಮರು ಉಸಿರಿಗೆ, ಕೈಯಿಡಲು ತನಗೆ ಧೈರ್ಯ ಸಾಲದು ಅನ್ನಿಸುತ್ತಿತ್ತು.

ಕುಲುಮೆಯ ಹಿಂದೆ ಇದ್ದಿಲ ಚೀಲಗಳ ಮೇಲೆ ಕೂತು ಲವಂಗದ ಸಿಗರೇಟು ಹಚ್ಚುತ್ತಿದ್ದ ಮಿನ್‌ನನ್ನು ಅವತ್ತೇ ಕೇಳಿದ್ದ. ಮಿನ್ ಸರದಿಯಲ್ಲಿ ಇವನ ಹಿಂದಿನವನು, ಇವನಿಗೆ ಕೇಳಿದ್ದು ಅವನಿಗೂ ಕೇಳಲೇಬೇಕು. “ಕೂಗಾ? ಯಾರಿಗೊತ್ತಪ್ಪ. ದೊಡ್ಡಪ್ಪ ಕೂಗಲಿಲ್ಲ ಅಂದ್ರೆ ಕೂಗಲಿಲ್ಲ” ಎಂದ ಮಿನ್. ಒಂದು ಸಲ ಹೊಗೆ ಬಿಟ್ಟು, “ಮನಸ್ಸಿಗೆ ಹಚ್ಕೋಬೇಡ ಮಾರಾಯ. ಬೈದಿದ್ದು ದೊಡ್ಡಪ್ಪ ಅಲ್ಲ, ಆ ಹಲ್ಲು” ಎಂದು ತಾನೇ ನಕ್ಕ. ನಗುವಾಗ ಒಂದಿಷ್ಟು ದೂರ ಸರಿದು ಕೂತ. ಹೊಗೆ ಮುಖಕ್ಕೆ ತಾಗದಿರಲೆಂದು ಸರಿದಿರಬಹುದು. ಅಥವಾ ಪನುತನೊಳಗೆ ಇರುವುದು ತನಗೂ ತಾಗೀತೆಂದು. ಚಿಕ್ಕಪ್ಪನ ಅನ್ನದ ತಟ್ಟೆಯನ್ನು ಅವ್ವ ಬೇರೆ ತೊಳೆಯುತ್ತಿದ್ದಳು, ಬೇರೆ ಬೂದಿಯಲ್ಲಿ, ಬಾವಿಯಿಂದ ಆಚೆ.

ಸೋಮವಾರ ಬೆಳಿಗ್ಗೆ ಅವ್ವ ಅವನನ್ನು ಚಾಪೆಯ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ಎಣ್ಣೆ ಸವರಿ ಹಳೆಯ ನಾಣ್ಯದಿಂದ ಗೀರುತ್ತಿದ್ದಳು. ಏನೇ ಆಗಲಿ, ಮೈಗೆ ಗಾಳಿ ಹೊಕ್ಕಿದೆ ಎನ್ನುವುದೇ ಅವಳ ಮೊದಲ ಮಾತು, ಕೊನೆಯ ಮಾತೂ ಅದೇ. ಜ್ವರವೋ, ಗಾಳಿ. ಊಟ ಸೇರದೋ, ಗಾಳಿ. ಮಗ ಗೋಡೆ ನೋಡುತ್ತ ಕೂರುತ್ತಾನೋ, ಅದು ದೊಡ್ಡ ಗಾಳಿ. ನಾಣ್ಯ ಗೀರಿದಲ್ಲಿ ಕೆಂಪು ಪಟ್ಟೆ ಎದ್ದರೆ ಗಾಳಿ ಹೊಕ್ಕಿದ್ದು ನಿಜವೆಂದು ಲೆಕ್ಕ. ಕಬ್ಬಿಣದಂಥ ನಾಣ್ಯದಿಂದ ಹಾಗೆ ಒತ್ತಿ ಗೀರಿದರೆ ಯಾರ ಬೆನ್ನಿನಲ್ಲಿ ಕೆಂಪು ಏಳುವುದಿಲ್ಲ? ಗೋಡೆಗೆ ಚರ್ಮವಿದ್ದರೆ ಗೋಡೆಗೂ ಎದ್ದೀತು. ಈ ಮಾತು ಅವನ ನಾಲಿಗೆಯ ತುದಿಗೆ ಬಂದು ಬಂದು ಹಿಂದೆ ಹೋಗುತ್ತಿತ್ತು. ಯಾಕೆಂದರೆ ಅವನನ್ನು ಯಾರಾದರೂ ಮುಟ್ಟುವುದು ದಿನಕ್ಕೆ ಇಷ್ಟೇ.

“ನೋಡು ಎಷ್ಟು ಕೆಂಪು. ಅಬ್ಬಾ, ಎಷ್ಟು ಗಾಳಿ ಇಟ್ಕೊಂಡಿದ್ದೀಯಪ್ಪ ಒಳಗೆ” ಎಂದಳು ಅವ್ವ, ಸಮಾಧಾನ ತುಂಬಿದ ದನಿಯಲ್ಲಿ. “ಇನ್ನು ಸರಿಹೋಗತ್ತೆ. ಬಿಸಿ ಶುಂಠಿನೀರು ಕುಡಿದು ಮಲಕ್ಕೊ.”

“ಮಲಗಿದ್ರೆ ನಿದ್ದೆ ಬರಬೇಕಲ್ಲವ್ವ.”

“ನಮಾಜು ಮನಸ್ಸಿಟ್ಟು ಮಾಡಿದ್ರೆ ಬರತ್ತೆ. ಮಸೀದಿ ಗುರುಗಳು ಅವತ್ತೇ ಹೇಳಿದ್ರಲ್ಲ, ಇವನು ಹಣೆ ಊರ್ತಾನೆ, ಮನಸ್ಸು ಊರಲ್ಲ ಅಂತ.”

“ಅವ್ವ, ವಾರ್ಸಿ ಚಿಕ್ಕಮ್ಮ ಒಂದು ಮಾತು ಹೇಳಿದಾಳೆ. ಆರೋಗ್ಯ ಕೇಂದ್ರದಲ್ಲಿ ಸೋಮವಾರ ಸೋಮವಾರ ಒಬ್ಬ ಡಾಕ್ಟರು…”

ನಾಣ್ಯ ಬೆನ್ನ ನಡುವೆ ನಿಂತಿತು. “ಆ ಕೋಣೆಗಾ?” ಅವಳು ದನಿ ಇಳಿಸಿದಳು, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ. “ವಾರ್ಸಿಗೇನು, ಕೂಸುಗಳನ್ನ ತೂಕ ಹಾಕೋದು ಬಿಟ್ಟು ಊರ ಉಸಾಬರಿ. ಅಲ್ಲಿಗೆ ಹೋದೋರೆಲ್ಲ ಏನಾದ್ರು ಗೊತ್ತಾ? ಮಾತ್ರೆ ಕೊಡ್ತಾರೆ, ಬಾಯಿಂದ ಜೊಲ್ಲು ಸುರಿಸ್ಕೊಂಡು ಕೂರ್ತಾರೆ. ಒಂದು ಸಲ ಹುಚ್ಚ ಅಂತ ಹೆಸರು ಬಿದ್ರೆ ಸತ್ತ ಮೇಲೂ ಹೋಗಲ್ಲ. ನೀನು ಹುಚ್ಚ ಅಲ್ಲಪ್ಪ. ಹುಚ್ಚು ಅಂದ್ರೆ ಏನು ಅಂತ ನಾನು ನೋಡಿದೀನಿ. ನಿಂಗೆ ಗಾಳಿ ಅಷ್ಟೆ.” ನಾಣ್ಯ ಮತ್ತೆ ಹರಿಯಿತು, ಮೊದಲಿಗಿಂತ ಜೋರಾಗಿ.

ಅವಳು ನೋಡಿದ್ದು ಅಂಗಳದಲ್ಲೇ ಇತ್ತು. ಹಲಸಿನ ಮರದ ದಿಮ್ಮಿ, ಆಳುದ್ದದ್ದು, ಅದರಲ್ಲಿ ಎರಡು ತೂತು, ಮನುಷ್ಯನ ಕಣಕಾಲು ಹಿಡಿಸುವಷ್ಟು. ಹುಚ್ಚೆಂದು ಮನೆಯವರೇ ಬಿಗಿದಿಟ್ಟ ಕ್ಲಿವೊನ್ ಚಿಕ್ಕಪ್ಪ ಹಿತ್ತಲ ಗುಡಿಸಲಲ್ಲಿ ಅದರೊಳಗೆ ಕಾಲಿಟ್ಟುಕೊಂಡು ಕೂತೇ ಮುದುಕನಾದ. ಊರಲ್ಲಿ ಯಾರಿಗೂ ಅವನ ಮೇಲೆ ದ್ವೇಷವಿರಲಿಲ್ಲ, ಹಬ್ಬಕ್ಕೆ ಅವನಿಗೂ ಒಂದು ಹೊಸ ಅಂಗಿ. ಕಂಡವರ ಮೇಲೆ ಕೈಮಾಡುತ್ತಿದ್ದನಂತೆ, ಬೆಂಕಿ ಹಚ್ಚುತ್ತೇನೆ ಎನ್ನುತ್ತಿದ್ದನಂತೆ. ಪನುತ್ ನೋಡಿದ ಚಿಕ್ಕಪ್ಪ ಮಾತ್ರ ತಗಡಿನ ಸಂದಿಯಿಂದ ಬರುವ ಬಿಸಿಲಿನ ಗೆರೆಯೊಳಗೆ ಬೆರಳಾಡಿಸುತ್ತ, ಸೋಯಾಕಾಳು ಹುದುಗಿಸಿ ಮಾಡಿದ ಟೆಂಪೆಯ ತುಂಡು ತಂದಿಟ್ಟರೆ ಅರ್ಧ ಮುರಿದು ಇವನಿಗೇ ಕೊಡುತ್ತಿದ್ದ. “ತಗೋ, ನಿಂಗೆ ಓಡಾಡೋದಿದೆ” ಎನ್ನುತ್ತಿದ್ದ. ಸತ್ತಾಗ ತೊಡೆಗಳು ಕಡ್ಡಿ. ದಿಮ್ಮಿ ಒಳ್ಳೆಯ ಮರವೆಂದು ಅಪ್ಪ ಅದನ್ನು ಅಂಗಳಕ್ಕೆ ಉರುಳಿಸಿದ, ಬಂದವರು ಕೂರಲಿಕ್ಕೆ. ಅವ್ವ ಆ ತೂತುಗಳಿಗೆ ಮಣ್ಣು ತುಂಬಿ ಮೆಣಸಿನ ಗಿಡ ನೆಟ್ಟಳು. ಗಿಡ ಚೆನ್ನಾಗಿ ಕಾಯಿ ಬಿಡುತ್ತದೆ. ಆ ಖಾರವನ್ನೇ ಮನೆಮಂದಿಯೆಲ್ಲ ತಿನ್ನುವುದು, ಬಂದವರಿಗೂ ಅದೇ ಚಟ್ನಿ, ಎಲ್ಲರೂ ರುಚಿಯೆಂದು ಬಾಯಿ ಚಪ್ಪರಿಸುತ್ತಾರೆ. ಅಂಗಿ ತೊಟ್ಟು ಹೊರಗೆ ಬಂದ ಪನುತ್ ಚಪ್ಪಲಿ ಹಾಕಿಕೊಳ್ಳಲು ಅದೇ ದಿಮ್ಮಿಯ ಮೇಲೆ ಕೂತ. ಬೇರೆಡೆ ಕೂರಬಹುದಿತ್ತು. ಇಷ್ಟು ವರ್ಷ ಅಲ್ಲೇ ಕೂತು ಅಭ್ಯಾಸ.

“ಎಲ್ಲಿಗೆ ಹೊರಟೆ?” ಒಳಗಿನಿಂದ ಅವ್ವ.

“ಹಲ್ಲು ನೋಯ್ತಾ ಇದೆ.”

ಒಳಗೆ ಶುಂಠಿ ಜಜ್ಜುವ ಸದ್ದು ಶುರುವಾಯಿತು. ಮಗ ನಿಜ ಹೇಳಲಿಲ್ಲವಲ್ಲ ಎಂಬ ನೆಮ್ಮದಿ ಆ ಸದ್ದಿನಲ್ಲಿ ಇತ್ತೆಂದು ಅವನಿಗೆ ಅನ್ನಿಸಿತು.

ಹಲ್ಲಿನ ಮಾತು ಹೇಳಿಕೊಟ್ಟವಳೂ, ಆರೋಗ್ಯ ಕೇಂದ್ರದ ಪರವಾಗಿ ಮನೆಮನೆಯ ಕೂಸುಗಳನ್ನು ತೂಗುವ ವಾರ್ಸಿ ಚಿಕ್ಕಮ್ಮನೇ. ನದಿಯ ಸೇತುವೆಯ ಮೇಲೆ ಇವನು ಸೈಕಲ್ಲು ನಿಲ್ಲಿಸಿಕೊಂಡು ನಿಂತಿದ್ದಾಗ ಹಿಂದಿನಿಂದ ಬಂದು, “ಏನಪ್ಪ ನೋಡ್ತಿದ್ದೀಯ?” ಅಂದಿದ್ದಳು. “ನೀರು” ಅಂದಿದ್ದ. “ನಿನ್ನೆಯೂ ನೋಡ್ತಿದ್ದೆ” ಅಂದಳು ಅವಳು. ಬೇರೆ ಯಾರಾದರೂ ಆಗಿದ್ದರೆ ನಕ್ಕು, ಹುಡುಗಿ ಗಿಡುಗಿ ಕೈಕೊಟ್ಟಳೇನೋ ಎನ್ನುತ್ತಿದ್ದರು. ಇಲ್ಲವೇ, ಸಾಯ್ತೀನಿ ಅನ್ನೋರು ಯಾರೂ ಸಾಯಲ್ಲ ಬಿಡು ಎನ್ನುತ್ತಿದ್ದರು. ಊರಲ್ಲಿ ಎಲ್ಲರಿಗೂ ಗೊತ್ತಿರುವ ಸತ್ಯವದು, ಮಿನ್‌ನ ಸೋದರಮಾವ ಮೂರು ಸಲ ಹೇಳಿ ನಾಲ್ಕನೆಯ ಸಲ ಹೇಳದೆ ಹೋದಾಗಲೂ ಸುಳ್ಳಾಗದ ಸತ್ಯ. ವಾರ್ಸಿ ಚಿಕ್ಕಮ್ಮ ನಗಲಿಲ್ಲ. ಕೂಸುಗಳ ತಕ್ಕಡಿಯನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು, “ಸಾಯಬೇಕು ಅನ್ನಿಸ್ತಿದೆಯಾ?” ಎಂದು ನೇರವಾಗಿ ಕೇಳಿಬಿಟ್ಟಳು, ಊಟ ಆಯ್ತಾ ಅನ್ನುವ ಹಾಗೆ. ಅವನಿಗೆ ಹೂಂ ಅನ್ನಲು ಆಗಲಿಲ್ಲ, ಉಹೂಂ ಅನ್ನಲೂ ಆಗಲಿಲ್ಲ. ಆದರೆ ಆ ಪ್ರಶ್ನೆಯಿಂದ ಎದೆಯ ಮೇಲಿನ ಕಲ್ಲು ಒಂದು ಬೆರಳಿನಷ್ಟು ಸರಿದದ್ದು ನಿಜ. “ಸೋಮವಾರ ಬಾ. ಹಲ್ಲಿನ ಕೋಣೆ, ಅದರ ಪಕ್ಕದ್ದೇ ಆ ಕೋಣೆ. ಎರಡಕ್ಕೂ ಒಂದೇ ಬೆಂಚು. ಯಾರಾದ್ರೂ ಕೇಳಿದ್ರೆ ಹಲ್ಲು ಅನ್ನು. ನಿನ್ನ ಹೆಸರು ನಾನು ಹೇಳಿಟ್ಟಿರ್ತೀನಿ” ಎಂದಿದ್ದಳು. ಈಗ ಅದೇ ಸೇತುವೆ ಬಂದಾಗ ಅವನು ಇಳಿಯಲಿಲ್ಲ. ಕಂಬಿಯ ಕಡೆ ಕತ್ತು ಹೊರಳಿಸದೆ, ಎದುರಿನ ಲಾರಿಯ ಹಿಂಬದಿಯನ್ನೇ ನೋಡುತ್ತ ಪೆಡಲು ತುಳಿದ. ಒಳಗೆ ‘ಹೇ’ ಎಂದಿತು. ಭುಜ ಎಗರಿತು, ಸೈಕಲ್ಲು ವಾಲಿತು, ಲಾರಿಯ ಮೇಲೆ ಕೂತಿದ್ದ ಯಾರೋ ಕೂಲಿಯವನು “ಕುಡಿದಿದ್ದೀಯೇನೋ” ಎಂದು ಕಿರುಚಿದ. ಕುಡಿದಿದ್ದರೆ ಎಷ್ಟು ಚೆನ್ನಾಗಿತ್ತು. ಕುಡುಕನನ್ನು ಎಲ್ಲರೂ ಕೈಹಿಡಿದು ಮನೆಗೆ ಮುಟ್ಟಿಸುತ್ತಾರೆ.

ಆರೋಗ್ಯ ಕೇಂದ್ರದ ಹಿಂದಿನ ಜಗುಲಿಯಲ್ಲಿ ಆ ಬೆಂಚು. ಎಡಗಡೆಯ ಬಾಗಿಲ ಮೇಲೆ ಕೆಂಪು ಒಸಡಿನ ದೊಡ್ಡ ದವಡೆ ಹಲ್ಲಿನ ಚಿತ್ರ. ಬಲಗಡೆಯ, ಮನಸ್ಸಿನ ಡಾಕ್ಟರ ಬಾಗಿಲ ಮೇಲೆ ಚಿತ್ರವಿಲ್ಲ, ‘ಆತ್ಮದ ಕೋಣೆ’ ಎಂದು ನೀಲಿ ಅಕ್ಷರ. ಆತ್ಮಕ್ಕೆ ಏನು ಚಿತ್ರ ಬರೆಯುತ್ತಾರೆ? ಬೆಂಚಿನ ಮೇಲೆ ಕೂತವರೆಲ್ಲ ಒಂದೊಂದು ಕೆನ್ನೆ ಹಿಡಿದುಕೊಂಡಿದ್ದರು. ಹಿಂದಕ್ಕೂ ಮುಂದಕ್ಕೂ ಮೈ ತೂಗುತ್ತಲೇ ಇದ್ದ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡ ಹೆಂಗಸೊಬ್ಬಳು ಯಾರೂ ಕೇಳದೆಯೇ, “ಇವನಿಗೆ ದವಡೆ” ಎಂದಳು. ಪನುತ್ ತಲೆಯಾಡಿಸಿ ತಾನೂ ಎಡಗೆನ್ನೆಗೆ ಕೈಕೊಟ್ಟು ಕೂತ. ಹಲ್ಲಿನ ಕೋಣೆಯ ಬಾಗಿಲಿಗೆ ಬೀಗ ಹಾಕಿತ್ತು. ಸೋಮವಾರ ಹಲ್ಲಿನ ಡಾಕ್ಟರು ಬರುವುದೇ ಇಲ್ಲ. ಅಷ್ಟೂ ಜನ ಆ ಬೀಗದೆದುರು ಕೆನ್ನೆ ಹಿಡಿದು ಕೂತಿದ್ದರು, ಒಬ್ಬರೂ ಬೀಗದ ಕಡೆ ನೋಡುತ್ತಿರಲಿಲ್ಲ. ನಗು ಬಂತು ಅವನಿಗೆ, ಎಷ್ಟೋ ತಿಂಗಳ ಮೇಲೆ. ಅದು ಗಂಟಲಿಗೆ ಬರುವಷ್ಟರಲ್ಲಿ ಬೇರೇನೋ ಆಗಿತ್ತು, ಅವನು ಕಣ್ಣೊರೆಸಿಕೊಂಡ.

ಆಗ ಜಗುಲಿಯ ಮೂಲೆ ತಿರುಗಿ, ಕಪ್ಪು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಒಂದು ಕೈಯಿಂದ ಕೆನ್ನೆ ಹಿಡಿದುಕೊಂಡು ರೆಸೊ ದೊಡ್ಡಪ್ಪ ಬಂದ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಯಾಗಿತ್ತು. ತಿರುಗಿ ಹೋಗಲು ದೊಡ್ಡಪ್ಪನಿಗೆ ಹೊತ್ತು ಮೀರಿತ್ತು. ಏಳಲು ಪನುತನಿಗೂ. ಖಾಲಿಯಿದ್ದ ಜಾಗ ಪನುತನ ಪಕ್ಕದ್ದೊಂದೇ. ದೊಡ್ಡಪ್ಪ ಬಂದು ಕೂತ. ಬೆಂಚು ಕಿರ್ರೆಂದಿತು.

“ಏನೋ, ಇಲ್ಲಿ?”

“ಹಲ್ಲು, ದೊಡ್ಡಪ್ಪ.”

“ಹೂಂ. ಈಗಿನ ಹುಡುಗ್ರು ಎಲ್ಲಾರಿಗೂ ಹಲ್ಲೇ. ಸಕ್ಕರೆ ತಿಂದೂ ತಿಂದೂ.”

“ನಿಮಗೆ?”

“ನಂಗೂ ಅದೇ. ದವಡೆ.”

ಶನಿವಾರ ಟಕಟಕ ಅಂದಿದ್ದ ಆ ಎರಡೂ ಸಾಲುಗಳನ್ನು ಪನುತ್ ನೋಡಿದ. ಪೇಟೆಯಲ್ಲಿ ಕಟ್ಟಿಸಿದ ಹಲ್ಲು, ಒಂದೂ ಹುಟ್ಟಿದ್ದಲ್ಲ. ಈಗೊಂದು ಮಾತು ಹೇಳಬಹುದು. ಇಡೀ ಬೆಂಚಿಗೆ ಕೇಳಿಸುವಂತೆ, ಗಿರಾಕಿ ನಕ್ಕ ಹಾಗೆ ಇವರೂ ನಗುವಂತೆ. ಆ ಮಾತು ಬಾಯಿ ತುಂಬ ಬಂದಿತ್ತು. ದೊಡ್ಡಪ್ಪನ ತೊಡೆಯ ಮೇಲಿದ್ದ ಕೈ ಕಾಣಿಸಿತು. ಇಕ್ಕಳ ಹಿಡಿದು ಹಿಡಿದು ದಡ್ಡುಗಟ್ಟಿದ ಆ ಕೈ ತನ್ನಷ್ಟಕ್ಕೆ ಏನನ್ನೋ ತಿರುಗಿಸುತ್ತಿತ್ತು, ಇಲ್ಲದ ತಟ್ಟೆಯನ್ನು, ಸ್ವಲ್ಪ ಸ್ವಲ್ಪವೇ.

“ಎಂದಿನಿಂದ?” ದೊಡ್ಡಪ್ಪ ಎದುರಿನ ಬೀಗಕ್ಕೆ ಹೇಳುವಂತೆ ಕೇಳಿದ.

“ಹಲ್ಲಾ?”

“ಹಲ್ಲೇ.”

“ಮಳೆಗಾಲದಿಂದ.”

“ನಂದು ಅದಕ್ಕೂ ಮುಂಚಿಂದು. ನಿಮ್ಮ ದೊಡ್ಡಮ್ಮ ಹೋದಾಗಿಂದ.” ಟೋಪಿಯನ್ನು ಇನ್ನೊಂದಿಷ್ಟು ಕೆಳಗೆಳೆದುಕೊಂಡ. “ಶುರುವಾದ್ರೆ ನಿದ್ದೆ ಅನ್ನೋದಿಲ್ಲ. ಕಣ್ಣು ಮುಚ್ಚಿದ್ರೂ ಕೆಂಪು, ಬಿಟ್ರೂ ಕೆಂಪು. ಬೀದಿ ಕೆಂಪು, ಅನ್ನ ಕೆಂಪು.”

“ಹಲ್ಲುನೋವಿಗೆ ಹಂಗಾಗತ್ತಾ, ದೊಡ್ಡಪ್ಪ?”

“ಆಗತ್ತೆ ಕಣೋ. ಕೆಲವರಿಗೆ ಆಗತ್ತೆ.”

ತೂಗುತ್ತಿದ್ದ ಹುಡುಗ ಒಂದು ಗಳಿಗೆ ನಿಂತು, ಮತ್ತೆ ತೂಗತೊಡಗಿದ. ದೊಡ್ಡಪ್ಪ ಬಗ್ಗಿದ. ಕಾಯಿಸಿದ ಎಣ್ಣೆಯ ವಾಸನೆ ಅವನ ಕುತ್ತಿಗೆಯಿಂದ ಬಂತು; ಅವನ ಬೆನ್ನನ್ನೂ ಯಾರೋ ಗೀರಿದ್ದರು, ಅಂಗಿಯ ಕಾಲರಿನ ಮೇಲೆ ಒಂದು ಪಟ್ಟೆಯ ತುದಿ ಇಣುಕುತ್ತಿತ್ತು.

“ಪನುತ್. ಶನಿವಾರ ನಾನು ಕೂಗಿದಾಗ ಕೆಂಪು ಇತ್ತು ತಾನೆ?”

ಕೂಗಿದಾಗ. ಎದೆಯೊಳಗೆ ಏನೋ ಧಡಾರನೆ ತೆರೆದುಕೊಂಡಿತು. ಕೂಗಿದ್ದ ಹಾಗಾದರೆ. ಕೂಗು ಹೊರಗಿನಿಂದಲೇ ಬಂದಿತ್ತು, ಈ ಮುದುಕನ ಬಾಯಿಂದ. ಎರಡು ದಿನದಿಂದ ಇವನು ತನ್ನ ತಲೆಯನ್ನೇ ಕಳ್ಳನನ್ನು ಕಾಯುವಂತೆ ಕಾದಿದ್ದ, ಒಳಗೆ ಯಾರು ಹೊಕ್ಕಿದ್ದಾರೆಂದು. ಯಾರೂ ಹೊಕ್ಕಿರಲಿಲ್ಲ. ಅದೆಲ್ಲ ಈ ಮುದುಕನಿಗೆ ಗೊತ್ತಿತ್ತು, ಗೊತ್ತಿದ್ದೂ ಎಲ್ಲರೆದುರು ಆ ದಿಮ್ಮಿಯ ಮಾತಾಡಿದ. ಸಿಟ್ಟು ಕಾಲಿನಿಂದ ನೆತ್ತಿಯವರೆಗೆ ಹತ್ತಿತು, ಎಷ್ಟೋ ದಿನದ ಮೇಲೆ ಮೈ ಬಿಸಿಯಾಯಿತು. ಆದರೆ ದೊಡ್ಡಪ್ಪ ಅವನ ಮುಖವನ್ನೇ ನೋಡುತ್ತಿದ್ದ, ಸಾಲಕ್ಕೆ ಬಂದವನಂತೆ. ಇತ್ತು ಅಂದರೆ ಮುದುಕ ಈ ಬೆಂಚಿನಿಂದ ಎದ್ದು ನೆಟ್ಟಗೆ ಕುಲುಮೆಗೆ ಹೋಗಬಹುದು, ಹಲ್ಲು ಬಡಿಯುತ್ತ. ತಲೆ ಖಾಲಿಯಾದವನು ಪನುತ್ ಒಬ್ಬನೇ ಆಗುತ್ತಾನೆ, ಸಾಯುವವರೆಗೆ. ಇರಲಿಲ್ಲ ಅಂದರೆ ಆ ಕಣ್ಣು ಹೋದಂತೆ. ಕಣ್ಣು ಹೋದ ಯಜಮಾನನಿಗೆ ಊರು ಎಲ್ಲಿ ಜಾಗ ತೋರಿಸುತ್ತದೆ ಅನ್ನುವುದು ಪನುತನಿಗೆ ಗೊತ್ತಿಲ್ಲದ್ದೇನಲ್ಲ. ಮತ್ತೆ ನಿಜವಾಗಿ ನೋಡಿದರೆ ಅವನಿಗೆ ಗೊತ್ತೇ ಇರಲಿಲ್ಲ, ಕೆಂಪು ಇತ್ತೋ ಇರಲಿಲ್ಲವೋ. ಸುತ್ತಿಗೆಯವನು ಬಣ್ಣ ನೋಡುವಂತಿಲ್ಲವೆಂದು ಕಲಿಸಿದವನೇ ಈಗ ಬಣ್ಣ ಕೇಳುತ್ತಿದ್ದ.

ಬಲಗಡೆಯ ಬಾಗಿಲು ತೆರೆಯಿತು. ತಲೆವಸ್ತ್ರ ಸರಿಮಾಡಿಕೊಳ್ಳುತ್ತ ನರ್ಸು ಹೊರಗಿಣುಕಿ, “ಪನುತ್ ಯಾರು? ವಾರ್ಸಿಯವರು ಕಳಿಸಿರೋ ಪನುತ್?” ಎಂದಳು. ಒಳಗೆ ಮೇಜು ಕಾಣಿಸಿತು, ಫ್ಯಾನು ತಿರುಗುತ್ತಿತ್ತು, ಯಾರದೋ ಮೊಣಕೈ. ಕಿಟಕಿಯಿತ್ತು. ಕಿಟಕಿಯ ಆಚೆ ಬಾಳೆಯೆಲೆಯ ಮೇಲೆ ಬಿಸಿಲು.

ಪನುತ್ ಎದ್ದು ನಿಂತ. ಬೆಂಚಿನವರೆಲ್ಲ ಕೆನ್ನೆ ಹಿಡಿದುಕೊಂಡೇ ಅವನತ್ತ ಕತ್ತೆತ್ತಿದರು. ಅದೇ ಹೊತ್ತಿಗೆ ಅವನಿಗೆ ಹೊಳೆಯಿತು: ಕೂಗು ನಿಜವಾಗಿದ್ದರೆ ತಾನು ಹುಚ್ಚನಲ್ಲ. ಹುಚ್ಚನಲ್ಲದವನಿಗೆ ಆ ಕೋಣೆಯಲ್ಲಿ ಏನು ಕೆಲಸ? ಆ ಬಾಗಿಲು ಹುಚ್ಚರದು, ಅವ್ವ ಹೇಳಿದ್ದಳಲ್ಲ, ಎಲ್ಲರೂ ಹೇಳುತ್ತಾರಲ್ಲ. ಬಿಡುಗಡೆ ಸಿಕ್ಕಿತೆಂಬಂತೆ ಅವನು ಆ ಯೋಚನೆಯನ್ನು ಬಾಚಿ ಹಿಡಿದುಕೊಂಡ. ಹಿಡಿದುಕೊಳ್ಳುವಾಗಲೇ ಅದು ಕಣಕಾಲಿನ ಸುತ್ತ ಬಿಗಿಯುತ್ತಿರುವುದು ತಿಳಿಯುತ್ತಿತ್ತು, ತಿಳಿದರೂ ಬಿಡಲು ಆಗುತ್ತಿರಲಿಲ್ಲ.

“ಹೇಳೋ” ಎಂದ ದೊಡ್ಡಪ್ಪ, ಉಸಿರಿನಷ್ಟು ಸಣ್ಣಗೆ. ಅವನ ಕೈ ಪನುತನ ಅಂಗಿಯ ಅಂಚು ಹಿಡಿದಿತ್ತು. “ಇತ್ತು ತಾನೆ?”

“ಪನುತ್ ಇದಾರಾ ಇಲ್ಲಿ? ಒಳಗೆ ಬನ್ನಿ, ಡಾಕ್ಟರು ಕಾಯ್ತಿದಾರೆ.”

ಅಂಗಿಯ ಅಂಚು ಬಿಡಿಸಿಕೊಂಡು ಅವನು ಜಗುಲಿಯ ಮೆಟ್ಟಿಲಿಳಿದ. ಹಿಂದಿನಿಂದ ನರ್ಸು ಇನ್ನೊಂದು ಸಲ ಹೆಸರು ಕೂಗಿದಳು, ಆಮೇಲೆ ಬೇರೆ ಹೆಸರು ಕೂಗಿದಳು; ಅದಕ್ಕೂ ಯಾರೂ ಎದ್ದಂತೆ ಕಾಣಲಿಲ್ಲ, ಬೆಂಚು ಕಿರ್ರೆನ್ನಲಿಲ್ಲ. ಅವನು ಸೈಕಲ್ಲು ತೆಗೆದುಕೊಳ್ಳುವುದನ್ನೂ ಮರೆತು ಗೇಟು ದಾಟಿದ. ಮನೆಗೂ ಸೇತುವೆಗೂ ಹೋಗುವ ದಾರಿ ಅದೊಂದೇ. ಬಿಸಿಲಲ್ಲಿ ನಡೆಯುತ್ತಿದ್ದ ಅವನ ಎಡಗೈ ಇನ್ನೂ ಕೆನ್ನೆಯ ಮೇಲೇ ಇತ್ತು.